ಹಾಲು ಉಕ್ಕಿಸುವ ಮುಂಚಿನ ತಿಂಗಳು

ಸಿಸ್ಟರಮ್ಮನ ಎಡಗೈಯಲ್ಲಿ, ಮಣಿಕಟ್ಟಿನಿಂದ ಮೊಣಕೈವರೆಗೆ, ಅರ್ಧಚಂದ್ರದ ಹಾಗೆ ಸಣ್ಣ ಸಣ್ಣ ಗಾಯದ ಗುರುತುಗಳಿದ್ದವು. ಕೆಲವು ಬೆಳ್ಳಗಾಗಿ ಚರ್ಮದೊಳಗೆ ಇಳಿದುಹೋಗಿದ್ದವು, ಕೆಲವು ಇನ್ನೂ ಕೆಂಪಗಿದ್ದವು. ಎಲ್ಲವೂ ಹೆಂಗಸರ ಉಗುರು. ಹೆರಿಗೆ ನೋವು ಏರುವಾಗ ಮಂಚದ ಕಂಬಿ ಹಿಡಿಯಲು ಸಿಸ್ಟರಮ್ಮ ಯಾರನ್ನೂ ಬಿಡುತ್ತಿರಲಿಲ್ಲ. ಕಬ್ಬಿಣ ತಣ್ಣಗಿರುತ್ತದೆ, ಧೈರ್ಯ ಕೊಡುವುದಿಲ್ಲ ಅನ್ನುತ್ತಿದ್ದರು. ತಮ್ಮ ಎಡಗೈಯನ್ನೇ ಚಾಚುತ್ತಿದ್ದರು.

“ಭಯ ಆದ್ರೆ ನನ್ ಕೈ ಹಿಡ್ಕಳವ್ವ. ನೋವಾದ್ರೆ ನನ್ನ ಬೈಯಿ, ದೇವ್ರನ್ನ ಬೈಯಿ, ಗಂಡನ್ನಂತೂ ಬೈದೇ ಬೈಯಿ. ಸುಮ್ಕೆ ಮಾತ್ರ ಇರ್ಬೇಡ.”

ನನ್ನ ಉಗುರಿನವೂ ಎರಡಿದ್ದವು. ಮಗಳು ಹುಟ್ಟಿದ ದಿನ ಒತ್ತಿದ್ದು. ಎಷ್ಟೋ ವರ್ಷಗಳ ಮೇಲೆ, ಪಿರಿಯಾಪಟ್ಟಣದಲ್ಲಿ ಅವರ ಪಕ್ಕದ ಮನೆಗೇ ನಾವು ಬಾಡಿಗೆಗೆ ಬಂದಾಗ, ಕಾಂಪೌಂಡ್ ಗೋಡೆಯ ಆಚೆಯಿಂದ ಕೈ ಚಾಚಿ ತೋರಿಸಿದರು. “ಇವೆಲ್ಡು ನಿಮ್ಮವು ಕಣಕ್ಕ. ಈ ಪಕ್ಕದ್ದು ಕಂಪಲಾಪುರದ ಹುಡ್ಗೀದು, ಅವ್ಳು ಕಚ್ಚೂ ಬುಟ್ಲು. ಇದೇ ನನ್ನ ಹೆರಿಗೆ ರಿಜಿಸ್ಟ್ರು.”

ತಮಾಷೆಗೆ ಹೇಳಿದ ಮಾತು. ನಿಜವಾದ ರಿಜಿಸ್ಟರಿನಲ್ಲಿ ಅವರ ಹೆಸರು ಎಲ್ಲೂ ಇಲ್ಲದ್ದು ಮುಂದೆ ಏನು ಮಾಡುತ್ತದೆಂಬುದು ಅವರಿಗೂ ಆಗ ಗೊತ್ತಿರಲಿಲ್ಲ.

ಅವರು ಹೆಗ್ಗಡದೇವನಕೋಟೆಯ ಅಂತರಸಂತೆ ಕಡೆಯವರು. ಅಪ್ಪನಿಗೆ ಹತ್ತಿ ಬೆಳೆಯುವ ಸ್ವಲ್ಪ ಒಣಭೂಮಿ. ಮೈಸೂರಿನಲ್ಲಿ ಮೂರು ವರ್ಷ ನರ್ಸಿಂಗ್ ಓದಿ, ಪಾಸಾಗಿ, ಪಿರಿಯಾಪಟ್ಟಣದ ಒಂದು ನರ್ಸಿಂಗ್ ಹೋಮಿಗೆ ಸೇರಿದರು. ಮದುವೆಯಾದ ಮೂರನೇ ವರ್ಷಕ್ಕೆ ಗಂಡ ಜಾಂಡೀಸಿನಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಆಮೇಲೆ ಅವರ ಬದುಕೆಂದರೆ ಆ ನರ್ಸಿಂಗ್ ಹೋಮು, ಮತ್ತೆ ಒಂದೊಂದೇ ಕೋಣೆ ಎಬ್ಬಿಸುತ್ತ ಹನ್ನೊಂದು ವರ್ಷ ಕಟ್ಟಿದ ಅವರ ಮನೆ.

ಆ ನರ್ಸಿಂಗ್ ಹೋಮಿನಲ್ಲಿ ಕೆಲಸ ನಡೆಯುತ್ತಿದ್ದ ರೀತಿ ನಮ್ಮ ಕಡೆಯ ಎಲ್ಲ ಹೆಂಗಸರಿಗೂ ಗೊತ್ತು. ನೋವು ಶುರುವಾದಾಗಿನಿಂದ ಕೂಸಿನ ಅಳು ಕೇಳುವವರೆಗೆ ಸಿಸ್ಟರಮ್ಮ. ಅಳು ಕೇಳಿದ ಮೇಲೆ ಡಾಕ್ಟರು ಮಹಡಿಯಿಂದ ಇಳಿದು ಬಂದು, ನೋಡಿ, ಸಹಿ ಹಾಕಿ, “ಎಲ್ಲಾ ಚೆನ್ನಾಗಾಯ್ತು” ಅನ್ನುತ್ತಿದ್ದರು. ಏನಾದರೂ ತೊಡಕಾದರೆ ಮೊದಲೇ ಇಳಿಯುತ್ತಿದ್ದರು, ಅದನ್ನೂ ಹೇಳಬೇಕು, ಕೈಗುಣದ ಡಾಕ್ಟರೇ. ಆದರೆ ನನ್ನ ಹೆರಿಗೆಯಲ್ಲಿ ತೊಡಕೇನೂ ಇರಲಿಲ್ಲ, ಅವರು ಬಂದಾಗ ಹೊಕ್ಕಳುಬಳ್ಳಿ ಕತ್ತರಿಸಿ ಆಗಿತ್ತು. ನಮ್ಮತ್ತೆ ಎಲೆ ಅಡಿಕೆ ಹಣ್ಣು ತಟ್ಟೆಯಲ್ಲಿಟ್ಟು ಡಾಕ್ಟರಿಗೆ ಕೈಮುಗಿದರು. ಸಿಸ್ಟರಮ್ಮ ಮೂಲೆಯಲ್ಲಿ ರಕ್ತದ ಬಟ್ಟೆ ನೆನೆಹಾಕುತ್ತಿದ್ದರು. ಅವರಿಗೂ ಒಂದು ಹಣ್ಣು ಕೊಡಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಪಕ್ಕದ ಮನೆಯವರಾದ ಮೇಲೆ ಅವರನ್ನು ಹತ್ತಿರದಿಂದ ಕಂಡೆ. ಊಟ ಯಾವಾಗಲೂ ನಿಂತುಕೊಂಡೇ. ಕಾಫಿ ಕಾಯಿಸಿ ಮರೆತು, ಆರಿದ ಮೇಲೆ ಕುಡಿದು, “ಪರವಾಗಿಲ್ಲ, ಹೊಟ್ಟೆಗೆ ಹೋದ್ಮೇಲೆ ಎಲ್ಲಾ ಒಂದೇ ಬಿಸಿ” ಅನ್ನುವುದು. ಪ್ರಸಾದ ಕೊಟ್ಟರೂ ಮೊಣಕೈವರೆಗೆ ಸೋಪು ಹಾಕಿ ತೊಳೆದೇ ತೆಗೆದುಕೊಳ್ಳುತ್ತಿದ್ದರು. “ದೇವರಿಗೂ ಸೋಂಕು ತಗಲುತ್ತಾ ಸಿಸ್ಟ್ರೆ?” ಎಂದು ನಾನು ಕಿಚಾಯಿಸಿದರೆ, “ದೇವ್ರಿಗಲ್ಲ ಕಣಕ್ಕ, ದೇವ್ರಿಂದ ನಂಗೆ. ಎಷ್ಟು ಜನ ಮುಟ್ಟಿರ್ತಾರೋ” ಎಂದು ನಗುತ್ತಿದ್ದರು. ನಾನು ದಿನಕ್ಕೆ ಎರಡು ಹೊತ್ತು ದೀಪ ಹಚ್ಚುವವಳು, ವಾರಕ್ಕೆರಡು ಉಪವಾಸದವಳು. ಅವರು ಮಂಗಳವಾರ ಮಸಣಿಕಮ್ಮನ ಗುಡಿಗೆ ಹೋಗುತ್ತಿದ್ದರು, ಆದರೆ ಏನೂ ಬೇಡುತ್ತಿರಲಿಲ್ಲ. “ಕೇಳ್ಕಳಕ್ಕೆ ಕೂತ್ರೆ ಲಿಸ್ಟು ದೊಡ್ಡದಾಯ್ತದೆ. ಸುಮ್ಕೆ ಮುಖ ತೋರ್ಸಿ ಬರದು.”

ನನ್ನ ಲಿಸ್ಟು ಮಾತ್ರ ಯಾವಾಗಲೂ ಇರುತ್ತಿತ್ತು. ಅದರ ತಲೆಯ ಮೇಲೆ ಒಂದೇ: ಸ್ವಂತ ಮನೆ. ಹಾರ್ಡ್‌ವೇರ್ ಅಂಗಡಿಯಲ್ಲಿ ದುಡಿದು ದುಡಿದು ನಮ್ಮ ಯಜಮಾನರ ಬೆನ್ನು ಬಾಗಿತ್ತು, ಬಾಡಿಗೆ ಮನೆಯ ಸೂರು ಎರಡು ಕಡೆ ಸೋರುತ್ತಿತ್ತು. ಪಕ್ಕದಲ್ಲಿ ಸಿಸ್ಟರಮ್ಮನ ಮನೆ. ಪೂರ್ವಕ್ಕೆ ಅಡುಗೆಮನೆಯ ಕಿಟಕಿ. ಎತ್ತರದ ಹೆಂಗಸಾದ್ದರಿಂದ ಒಲೆಕಟ್ಟೆಯನ್ನು ಎತ್ತರಕ್ಕೆ ಕಟ್ಟಿಸಿದ್ದರು. ಮುಂದೆ ಒಂದು ಜಗಲಿ, ತಿಂಗಳು ತುಂಬಿದ ಹೆಂಗಸರು ಬಂದು ಕೂತು ಹೊಟ್ಟೆ ತೋರಿಸಿಕೊಂಡು ಹೋಗಲಿ ಎಂದೇ ಕಟ್ಟಿಸಿದ್ದು. ಆ ಮನೆಯ ಮೇಲೆ ನನಗೆ ಆಸೆಯಿತ್ತು. ದೇವರಿಗೆ ಗೊತ್ತಿರುವುದನ್ನು ಬರೆಯಲು ನಾಚಿಕೆ ಏಕೆ?

ನಲವತ್ತು ದಾಟಿದ ಮೇಲೆ ಸಿಸ್ಟರಮ್ಮ ಐರ್ಲೆಂಡಿಗೆ ಹೋಗುತ್ತೇನೆ ಎಂದರು. ಹಾಸ್ಟೆಲಿನಲ್ಲಿ ಜೊತೆಗಿದ್ದ ಮಲಯಾಳಿ ಗೆಳತಿಯೊಬ್ಬರು ಅಲ್ಲಿ ನರ್ಸಾಗಿದ್ದರು. ವಯನಾಡಿನ ಕಡೆಯ ಒಬ್ಬ ಏಜೆಂಟನೂ ಸಿಕ್ಕಿದ. ಬೀದಿಯ ಹೆಂಗಸರೆಲ್ಲ ದುಡ್ಡಿನ ಆಸೆ ಎಂದುಕೊಂಡರು. ನನಗೆ ಅವರು ಹೇಳಿದ್ದು ಬೇರೆ.

“ಇಲ್ಲಿ ನಾನು ಯಾರಕ್ಕ? ಆಯಾಗಿಂತ ಒಂದು ಮೆಟ್ಲು ಮ್ಯಾಲೆ. ಅಲ್ಲಿ ಎದೆ ಮ್ಯಾಲೆ ಹೆಸ್ರು ಹಾಕ್ತಾರಂತೆ, ಹೆಸ್ರಿನ ಕೆಳ್ಗೆ ‘ನರ್ಸ್’ ಅಂತ ಬರೀತಾರಂತೆ. ನಾನು ಮಾಡಿದ್ ಕೆಲ್ಸಕ್ಕೆ ನಾನೇ ಸೈನ್ ಹಾಕ್ಬೋದಂತೆ. ಸಾಯೋದ್ರೊಳ್ಗೆ ಒಂದ್ಸಲ ಸೈನ್ ಹಾಕ್ಬೇಕು ಕಣಕ್ಕ.”

ಅದಕ್ಕೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಿತ್ತು. ನಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ನಾನೇ ಪೇಷಂಟಾಗುತ್ತಿದ್ದೆ. “ಗುಡ್ ಮಾರ್ನಿಂಗ್. ಹೌ ಆರ್ ಯೂ ಫೀಲಿಂಗ್ ಟುಡೇ?” ಎಂದು ಅವರು ಕೇಳುವುದು. ನನಗೆ ಬರುತ್ತಿದ್ದ ಇಂಗ್ಲಿಷೆಲ್ಲ ಯೆಸ್ಸು, ನೋ, ಥ್ಯಾಂಕ್ಯೂ. ಮಿಕ್ಕಿದ್ದಕ್ಕೆ ಕನ್ನಡ.

“ಮಂಡಿ ನೋವು ಸಿಸ್ಟ್ರೆ. ಜೊತೆಗೆ ನಮ್ಮೆಜಮಾನ್ರು ಯಾವ ಮಾತಿಗೂ ಹೂಂ ಅನ್ನಲ್ಲ, ಉಹೂಂ ಅನ್ನಲ್ಲ, ಅದೂ ಒಂದು ನೋವು.”

“ಅದ್ಕೆ ಅಲ್ಲೂ ಮಾತ್ರೆ ಇಲ್ಲ ಕಣಕ್ಕ. ಮಂಡೀದು ಮಾತ್ರ ಯೇಳಿ.”

ಒಂದು ಸಲ ಫೇಲಾದರು. ಎರಡನೇ ಸಲ ಪಾಸಾದರು. ಅವತ್ತು ಬೀದಿಗೆಲ್ಲ ಮೈಸೂರುಪಾಕು ಹಂಚಿದರು, ಕಸ ಗುಡಿಸುವವರಿಗೂ ಮರೆಯದೆ ಕೊಟ್ಟರು. ಅಲ್ಲಿನ ಆಸ್ಪತ್ರೆಯೊಂದು ಕೆಲಸ ಕೊಡುತ್ತೇವೆ ಎಂದು ಪತ್ರವನ್ನೂ ಕಳಿಸಿತು. ಉಳಿದದ್ದು ಒಂದೇ. ಇಷ್ಟು ವರ್ಷ ನರ್ಸಾಗಿ ಏನೇನು ಕೆಲಸ ಮಾಡಿದ್ದಾರೆ ಎಂದು ನರ್ಸಿಂಗ್ ಹೋಮಿನವರು ಬರೆದು, ಅಲ್ಲಿನ ನರ್ಸಿಂಗ್ ಕೌನ್ಸಿಲಿಗೆ ನೇರವಾಗಿ ಕಳಿಸಬೇಕು. ಅಲ್ಲಿಂದ ಒಪ್ಪಿಗೆ ಬಂದರೆ ಮುಗಿಯಿತು. ಡಾಕ್ಟರು “ಕಳಿಸ್ತೀನಿ ಹೋಗಮ್ಮ” ಎಂದರು. ಕಳಿಸಿದರು ಕೂಡ. ಅದರಲ್ಲಿ ಏನು ಬರೆದಿದ್ದಾರೆಂದು ಇವರು ಕೇಳಲಿಲ್ಲ. ಇಪ್ಪತ್ತು ವರ್ಷ ಅನ್ನ ಕೊಟ್ಟವರನ್ನು ಕೇಳುವುದು ಹೇಗೆ? ಏಜೆಂಟನಂತೂ, ಅದು ಬರೀ ಶಾಸ್ತ್ರ, ಹೊರಡಲು ತಯಾರಾಗಿ ಎಂದುಬಿಟ್ಟ.

ಮನೆ ಮಾರುವ ಮಾತು ಆಗ ಬಂತು. ಹೊರಡಲು ದುಡ್ಡು ಬೇಕಿತ್ತು, ಮನೆಯ ಮೇಲೆ ಸ್ವಲ್ಪ ಸಾಲವೂ ಉಳಿದಿತ್ತು. ನಾವೇ ಕೊಳ್ಳುತ್ತೇವೆಂದೆವು. ಯಜಮಾನರು ಕೆ.ಆರ್. ನಗರದ ಕಡೆಯ ತಮ್ಮ ಪಾಲಿನ ಗದ್ದೆ ಮಾರಿ ದುಡ್ಡು ಹೊಂದಿಸಿದರು. ಸಿಸ್ಟರಮ್ಮನಿಗೆ ಮಾತ್ರ ಕೌನ್ಸಿಲಿನ ಉತ್ತರ ಬರಲಿ ಎಂಬ ಮನಸ್ಸಿತ್ತು. “ಒಂದ್ ತಿಂಗ್ಳು ಕಾಯನ ಅಕ್ಕ” ಎಂದರು.

ನಾನು ಪಂಚಾಂಗ ತಂದು ಅವರ ಮುಂದೆ ಬಿಚ್ಚಿದೆ. “ಜ್ಯೇಷ್ಠ ಮುಗೀತಾ ಬಂತು ಸಿಸ್ಟ್ರೆ. ಆಷಾಢ ಹಿಡಿದ್ರೆ ಮನೆ ವ್ಯವಹಾರ ಮುಟ್ಟೋ ಹಾಗಿಲ್ಲ. ಆಮೇಲೆ ನಿಮ್ಮ ಕಾಗದ ಬಂದು, ಮನೆ ಮಾರಾಟ ಆಗದೆ ನಿಂತ್ರೆ? ಅಮಾವಾಸ್ಯೆ ಒಳಗೆ ರಿಜಿಸ್ಟರ್ ಮಾಡಿಸಿಬಿಡೋಣ. ನೀವು ಇರೋಷ್ಟು ದಿನ ಇರಿ. ಶ್ರಾವಣದಲ್ಲಿ ನಾವು ಹಾಲು ಉಕ್ಕಿಸ್ತೀವಿ.”

ಆಷಾಢದ ನಂಬಿಕೆ ನನ್ನದು ನಿಜವಾದದ್ದೇ. ನಮ್ಮ ಗಾವಡಗೆರೆಯ ತವರಿನಲ್ಲಿ ಆ ತಿಂಗಳು ಒಂದು ಬಾಗಿಲಿಗೆ ಚಿಲಕವನ್ನೂ ಹಾಕಿಸುತ್ತಿರಲಿಲ್ಲ. ಆದರೆ ಕಾದರೆ ಬೇರೆ ಯಾರಾದರೂ ಹೆಚ್ಚಿಗೆ ಕೇಳಿಕೊಂಡು ಬರುತ್ತಾರೆಂಬ ಭಯವೂ ಅದರ ಜೊತೆಗಿತ್ತು. ಆ ಅವಸರದಲ್ಲಿ ಅವರಿಗೆ ಸ್ವಲ್ಪ ಕಡಿಮೆಯೇ ಸಿಕ್ಕಿತು. ಅಮಾವಾಸ್ಯೆಗೆ ಎರಡು ದಿನ ಮುಂಚೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಸ್ಟರಮ್ಮ ಸಹಿಯ ಜೊತೆಗೆ ಹೆಬ್ಬೆಟ್ಟೂ ಒತ್ತಿ, ಶಾಯಿ ಒರೆಸಿಕೊಳ್ಳುತ್ತ, “ಇನ್ನು ನಂಗೆ ಸೂರಿಲ್ಲ ಕಣಕ್ಕ, ಇಮಾನ ಅದೆ” ಎಂದು ನಕ್ಕರು. ನಾನು ಮನೆಗೆ ಬಂದು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಹೀಗೆ ಆ ಆಷಾಢದಲ್ಲಿ ಆ ಮನೆ ಕಾಗದದಲ್ಲಿ ನಮ್ಮದು, ಒಳಗೆ ಉರಿಯುವ ದೀಪ ಅವರದು. ಸೂಟ್‌ಕೇಸು ಕೊಂಡರು. ನರ್ಸಿಂಗ್ ಹೋಮಿನ ಕೆಲಸ ಬಿಟ್ಟರು. ಎರಡನೇ ವಾರದಲ್ಲಿ ಕೌನ್ಸಿಲಿನ ಉತ್ತರ ಬಂತು. ನರ್ಸ್ ಎಂದು ಒಪ್ಪಲು ಆಗುವುದಿಲ್ಲ. ಡಾಕ್ಟರು ಬರೆದು ಕಳಿಸಿದ್ದರಲ್ಲಿ ಅವರು ‘ಸಹಾಯಕಿ’. ಹೆರಿಗೆಗಳಲ್ಲಿ ವೈದ್ಯರಿಗೆ ಸಹಾಯ, ವಾರ್ಡಿನ ಸ್ವಚ್ಛತೆ. ಇಪ್ಪತ್ತು ವರ್ಷಕ್ಕೆ ಅಷ್ಟೇ ಮಾತು.

ಅವತ್ತೇ ಡಾಕ್ಟರ ಬಳಿಗೆ ಹೊರಟರು. ನಾನೂ ಜೊತೆಗೆ ಹೋದೆ.

ಡಾಕ್ಟರು ಕೂಗಾಡಲಿಲ್ಲ. ಶಾಂತವಾಗಿಯೇ ರಿಜಿಸ್ಟರು ತರಿಸಿ ಮೇಜಿನ ಮೇಲಿಟ್ಟರು. “ನೋಡಮ್ಮ, ಒಂದೇ ಒಂದು ಕಡೆ ನಿನ್ನ ಸಹಿ ತೋರಿಸು. ಎಲ್ಲಾ ಹೆರಿಗೆ ಮಾಡಿಸಿದ್ದು ನಾನು. ಇಲ್ಲದ್ದನ್ನ ಬರ್ಕೊಟ್ರೆ ನಾಳೆ ಇನ್‌ಸ್ಪೆಕ್ಷನ್ನಿಗೆ ನಾನು ಏನ್ ಹೇಳ್ಲಿ?”

ಸಿಸ್ಟರಮ್ಮ ರಿಜಿಸ್ಟರಿನ ಹಾಳೆ ತಿರುವುತ್ತಲೇ ಇದ್ದರು. “ಇದು ರಾಮನಾಥಪುರದವ್ರು, ಅವಳಿ. ಇದು ಕೂಸು ಅಳ್ಲಿಲ್ಲ, ಬಾಯಲ್ಲಿ ಬಾಯಿಟ್ಟು ಉಸ್ರು ಕೊಟ್ಟಿದ್ದು. ಇದು ಕಾಕನಕೋಟೆ ಹಾಡಿಯವ್ರು...” ಎಂದು ಒಂದೊಂದೇ ಹೆಸರಿನ ಮೇಲೆ ಬೆರಳಿಡುತ್ತ ಹೋದರು. ಒಂದು ಹೆರಿಗೆಯನ್ನೂ ಅವರು ಮರೆತಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. “ಡಾಕ್ಟ್ರೇ, ನನ್ನ ಮಗಳನ್ನ ಹಿಡಿದಿದ್ದು ಇವರೇ. ನೀವು ಬರೋ ಹೊತ್ತಿಗೆ ಕೂಸಿಗೆ ಬಟ್ಟೆ ಸುತ್ತಿಯಾಗಿತ್ತು. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ.”

“ಆ ನೋವಿನಲ್ಲಿ ಹೆಣ್ಣುಮಕ್ಕಳಿಗೆ ಯಾರು ಏನು ಮಾಡಿದ್ರು ಅಂತ ಗೊತ್ತಿರುತ್ತೇನಮ್ಮ?” ಎಂದು ಡಾಕ್ಟರು ರಿಜಿಸ್ಟರು ಮುಚ್ಚಿದರು.

ಆಟೋದಲ್ಲಿ ಬರುವಾಗ ಸಿಸ್ಟರಮ್ಮ ನನ್ನ ಕೈ ಹಿಡಿದುಕೊಂಡು, “ನೀವೊಬ್ರು ಮಾತಾಡಿದ್ರಿ ಕಣಕ್ಕ, ಅಷ್ಟು ಸಾಕು” ಎಂದರು. ನಾನೂ ನನ್ನನ್ನು ಧೈರ್ಯದವಳೆಂದುಕೊಂಡೆ. ಆ ಮಾತಿನಿಂದ ನನಗೇನೂ ನಷ್ಟವಿರಲಿಲ್ಲ.

ಅದಾದ ನಾಲ್ಕನೇ ದಿನ ಆಷಾಢ ಶುಕ್ರವಾರ. ಬೆಳಿಗ್ಗೆ ಚಾಮುಂಡಿಗೆ ತಂಬಿಟ್ಟು ಕಲಸುತ್ತಿದ್ದೆ. ಯಜಮಾನರು ಅಂಗಡಿಗೆ ಹೋಗಿದ್ದರು. ಸಿಸ್ಟರಮ್ಮ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಎರಡು ದಿನದಿಂದ ತಲೆ ಬಾಚಿದಂತಿರಲಿಲ್ಲ.

“ಅಕ್ಕ, ಒಂದ್ ಮಾತು. ಅಲ್ಲಿಗೆ ಹೋದ್ರೂ ನಾನಿನ್ನು ನರ್ಸಲ್ಲ. ವಯಸ್ಸಾದವ್ರಿಗೆ ಸ್ನಾನ ಮಾಡ್ಸೋ ಕೆಲ್ಸ ಬೇಕಾದ್ರೆ ಕೊಡ್ತಾರಂತೆ. ನಂಗೆ ಹೋಗಕ್ಕೆ ಮನ್ಸಿಲ್ಲ. ಇಲ್ಲೇ ಹುಣಸೂರಲ್ಲೋ ಮೈಸೂರಲ್ಲೋ ಬೇರೆ ಆಸ್ಪತ್ರೆ ಸೇರ್ಕಂಡು, ಸರಿಯಾಗಿ ಸೈನ್ ಹಾಕಿ ಎಲ್ಡು ವರ್ಷ ಕೆಲ್ಸ ಮಾಡಿ, ಆಮ್ಯಾಲೆ ತಿರ್ಗ ಅರ್ಜಿ ಹಾಕ್ತೀನಿ. ಕೌನ್ಸಿಲ್ನೋರು ಹಾಕ್ಬೋದು ಅಂದವ್ರೆ.”

“ಒಳ್ಳೇದಾಯ್ತಲ್ಲ ಸಿಸ್ಟ್ರೆ” ಎಂದೆ.

“ಅದ್ಕೆ ನಂಗೆ ನಿಲ್ಲಕ್ಕೆ ಒಂದ್ ಜಾಗ ಬೇಕಲ್ಲ. ಮನೆ ವಾಪಸ್ ಬರ್ಕೊಡಿ ಅಕ್ಕ. ಸಾಲ, ಏಜೆಂಟು ಅಂತ ಖರ್ಚಾಗಿದ್ದು ಬುಟ್ಟು ಮಿಕ್ಕಿದ್ದು ಅಂಗೇ ಬ್ಯಾಂಕಲ್ಲಿ ಅದೆ, ಇವತ್ತೇ ಕೊಡ್ತೀನಿ. ಉಳಿದಿದ್ದು ದುಡಿದು ತೀರಿಸ್ತೀನಿ. ನೀವಿನ್ನೂ ಹಾಲು ಉಕ್ಸಿಲ್ಲ. ಉಕ್ಸಿದ್ಮ್ಯಾಲೆ ಕೇಳಿದ್ರೆ ಪಾಪ. ಈಗ ಕೇಳ್ಬೋದು ಅಲ್ವಾ? ನಿಮ್ಗೆ ಶಾಸ್ತ್ರ ಎಲ್ಲಾ ಗೊತ್ತು, ನೀವೇ ಯೇಳಿ. ಅಣ್ಣನ ಹತ್ರ ನೀವೊಂದು ಮಾತಾಡಿ.”

ಏನನ್ನೂ ಬೇಡದ ಹೆಂಗಸು. ದೇವರ ಹತ್ತಿರವೂ ಬೇಡದವರು ನನ್ನ ಹತ್ತಿರ ಬೇಡಿದರು. ಅವರು ಹೇಳಿದ ಶಾಸ್ತ್ರವೂ ಸರಿಯೇ. ಹಾಲು ಉಕ್ಕುವವರೆಗೆ ಮನೆ ಹಳಬರದೇ ಎಂದು ನಮ್ಮಜ್ಜಿಯೂ ಹೇಳುತ್ತಿದ್ದರು. ನನ್ನ ಎರಡು ಕೈಯೂ ಹಿಟ್ಟಿನಲ್ಲಿತ್ತು. ತಲೆ ಎತ್ತದೆ ಹೇಳಿದೆ:

“ಆಷಾಢದಲ್ಲಿ ಮನೆ ವಿಷಯ ಎತ್ತಬಾರದು ಸಿಸ್ಟ್ರೆ. ಶ್ರಾವಣ ಬರಲಿ, ಮಾತಾಡೋಣ.”

“ಶ್ರಾವಣದ ಮೊದಲ್ನೇ ಶುಕ್ರವಾರಕ್ಕೆ ನೀವು ಐನೋರ್ಗೆ ಯೇಳಿದ್ದೀರ ಅಕ್ಕ” ಎಂದರು. ಹೌದು, ಹೇಳಿದ್ದೆ. ಗೃಹಪ್ರವೇಶದ ಪುರೋಹಿತರು ಅವರ ಜಗಲಿಯ ಮೇಲೆಯೇ ಕೂತು ಮುಹೂರ್ತ ನೋಡಿ ಹೋಗಿದ್ದರು.

ನಾನು ತಂಬಿಟ್ಟಿನ ಉಂಡೆಯೊಂದನ್ನು ಚಾಚಿದೆ. ಅವತ್ತು ಕೈ ತೊಳೆಯದೆಯೇ ತೆಗೆದುಕೊಂಡು ಹೋದರು.

ಯಜಮಾನರಿಗೆ ನಾನು ಈ ಮಾತು ಹೇಳಲಿಲ್ಲ. ಸಿಸ್ಟರಮ್ಮ ಮತ್ತೆ ಕೇಳಲೂ ಇಲ್ಲ. ಆಷಾಢದ ಕೊನೆಯ ವಾರ, ಏಜೆಂಟನೇ ಗೊತ್ತುಮಾಡಿದ ಐರ್ಲೆಂಡಿನ ವೃದ್ಧರ ಮನೆಯೊಂದರಲ್ಲಿ ಸ್ನಾನ ಮಾಡಿಸುವ, ಬಟ್ಟೆ ಬದಲಿಸುವ ಕೆಲಸಕ್ಕೆ ಸಹಿ ಹಾಕಿ ಹೊರಟರು. ಮನೆಯನ್ನು ಬರಿದು ಬಿಡಬಾರದೆಂದು ಒಂದು ಬಿಂದಿಗೆ ನೀರು, ಒಂದು ಸೇರು ಅಕ್ಕಿ ಇಟ್ಟು, ನೆಲವನ್ನು ಎರಡು ಸಲ ಒರೆಸಿ ಹೋಗಿದ್ದರು. ಹಾಲು ಚೆನ್ನಾಗಿಯೇ ಉಕ್ಕಿತು. ಎಲ್ಲರೂ ಶುಭ ಎಂದರು.

ಅಲ್ಲಿಂದ ಆಗಾಗ ಫೋನ್ ಮಾಡುತ್ತಿದ್ದರು. ಮೊದಮೊದಲು ಚಳಿಯ ಸುದ್ದಿ, ಅಕ್ಕಿಯ ಸುದ್ದಿ. ಒಂದು ದಿನ ಹೇಳಿದರು: ಒಬ್ಬ ಅಜ್ಜಿಗೆ ಊಟ ಮಾಡಿಸುವಾಗ ತುತ್ತು ಸಿಕ್ಕಿಕೊಂಡು ಮುಖ ನೀಲಿಗಟ್ಟಿತಂತೆ. ಇವರು ಬಗ್ಗಿಸಿ ಬೆನ್ನಿಗೆ ನಾಲ್ಕು ತಟ್ಟಿ ತುತ್ತು ಹೊರಗೆ ಹಾಕಿಸಿದರು. ಆಮೇಲೂ ಉಸಿರು ಸರಿಹೋಗಲಿಲ್ಲ. ಆಕ್ಸಿಜನ್ ಪಕ್ಕದಲ್ಲೇ ಇತ್ತು. ಅದನ್ನು ಮುಟ್ಟಲು ಇವರಿಗೆ ಅಪ್ಪಣೆಯಿಲ್ಲ, ನರ್ಸೇ ಬರಬೇಕು.

“ಬೆಲ್ ಒತ್ತಿ ನಿಂತ್ಕಂಡೆ ಕಣಕ್ಕ. ನಂಗೆ ಮಾಡಕ್ಕೆ ಬತ್ತದೆ, ಆದ್ರೆ ನಿಂತ್ಕಂಡೇ ಇದ್ದೆ. ನನ್ ಮಗಳ ವಯಸ್ಸಿನ ನರ್ಸು ಓಡಿ ಬಂದು ಹಾಕಿ, ಸೈನ್ ಮಾಡ್ತು. ಅಜ್ಜಿ ಬದುಕ್ತು. ನಾನು ಬಚ್ಚಲಿಗೆ ಹೋಗಿ ಅತ್ತು ಬಂದೆ.”

ಇವರಿಗೆ ಮಗಳಿರಲಿಲ್ಲ. ಫೋನಿಟ್ಟ ಮೇಲೆ ನನಗೆ ಅದು ನೆನಪಾಯಿತು.

ಎರಡು ವರ್ಷದ ಮೇಲೆ ತಾಯಿ ತೀರಿಕೊಂಡಾಗ ಊರಿಗೆ ಬಂದರು. ತಿಥಿ ಮುಗಿಸಿ ಹಿಂತಿರುಗುವಾಗ, ಬಸ್ಸಿಗೆ ಹೊತ್ತಿದೆ ಎಂದು ನಮ್ಮಲ್ಲಿಗೆ ಬಂದರು. ನಮ್ಮಲ್ಲಿಗೆ ಎಂದು ಬರೆಯುವಾಗ ಪೆನ್ನು ತಡೆಯುತ್ತದೆ. ಮಗಳು ಏಳು ತಿಂಗಳ ಬಸುರಿ, ಸೀಮಂತಕ್ಕೆ ಬಂದಿದ್ದಳು. ಸಿಸ್ಟರಮ್ಮ ಕೈ ತೊಳೆದು ಬಂದು ಅವಳ ಹೊಟ್ಟೆ ಮುಟ್ಟಿ, ಕಣ್ಣು ಮುಚ್ಚಿ, “ಕೂಸು ಚೆನ್ನಾಗದೆ. ಕಾಲು ಇಲ್ಲಿ ಅದೆ ನೋಡು, ಒದೀತದೆ ಕಳ್ಳ” ಎಂದರು. ಆ ಮುಖದಲ್ಲಿ ಅಷ್ಟು ಬೆಳಕು ನಾನು ಎಷ್ಟೋ ಕಾಲದಿಂದ ನೋಡಿರಲಿಲ್ಲ.

“ನೀವು ಇಲ್ಲೇ ಇದ್ದಿದ್ರೆ ನಂಗೆ ಭಯಾನೇ ಇರ್ತಿರ್ಲಿಲ್ಲ ಸಿಸ್ಟರಾಂಟಿ. ಯಾಕ್ ಹೋದ್ರಿ?” ಎಂದಳು ಮಗಳು.

ಸಿಸ್ಟರಮ್ಮ ನನ್ನ ಕಡೆ ಒಂದು ಸಲ ನೋಡಿದರು. “ಕೆಲ್ಸ ಇತ್ತು ಕಣವ್ವ” ಎಂದರು.

ಗೇಟಿನವರೆಗೆ ಕಳಿಸಲು ಹೋದೆ. ಕೇಳದೆ ಇರಲಾಗಲಿಲ್ಲ. “ನನ್ನ ಮೇಲೆ ಮನಸ್ಸಿನಲ್ಲಿ ಏನಾದ್ರೂ ಇಟ್ಕೊಂಡಿದ್ದೀರಾ ಸಿಸ್ಟ್ರೆ?”

“ಇಟ್ಕಂಡಿವ್ನಿ ಅಕ್ಕ” ಎಂದರು, ಬ್ಯಾಗು ಹೆಗಲಿಗೇರಿಸುತ್ತ. “ಅವತ್ತು ಆಗಲ್ಲ ಅಂದಿದ್ರೆ ಇಟ್ಕತಿರ್ಲಿಲ್ಲ. ದುಡ್ಡು ಕೊಟ್ಟು ತಗಂಡೋರು, ಆಗಲ್ಲ ಅನ್ಬೋದು. ದೇವ್ರನ್ನ ಅಡ್ಡ ತಂದ್ರಲ್ಲ, ಅದು.” ಆಮೇಲೆ, “ಮಗ್ಳನ್ನ ಮೈಸೂರಿಗೇ ಕರ್ಕಂಡೋಗಿ. ಬಿಪಿ ನೋಡಿಸ್ತಾ ಇರಿ” ಎಂದು ಹೇಳಿ ಆಟೋ ಹತ್ತಿದರು.

ಯಜಮಾನರು ಅಂಗಡಿಯಿಂದ ಬಂದು ಊಟಕ್ಕೆ ಕೂತಾಗ, ಸಿಸ್ಟರಮ್ಮ ಬಂದಿದ್ದರು ಎಂದೆ. ಬಡಿಸುತ್ತ ಬಡಿಸುತ್ತ ಆ ಶುಕ್ರವಾರದ ಮಾತನ್ನೂ ಹೇಳಿಬಿಟ್ಟೆ. ಅವರು ಕಲಸಿದ ತುತ್ತನ್ನು ಎಲೆಯಲ್ಲೇ ಬಿಟ್ಟರು.

“ನನ್ನನ್ನ ಒಂದ್ ಮಾತು ಕೇಳ್ಬಾರ್ದಾಗಿತ್ತೇನೇ?” ಎಂದರು. “ನನ್ನ ಮಗಳನ್ನ ಮೊದಲು ಎತ್ಕೊಂಡ ಹೆಂಗಸು ಕಣೇ. ಕೊಟ್ಟುಬಿಡ್ತಿದ್ದೆ.”

ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿರಲಿಲ್ಲ.